ಬಂದರಿನ ಗೋಡೆಯ ತುದಿಯ ದೀಪಸ್ತಂಭ ಗಿಡ್ಡವಾಗಿರುವುದೇಕೆ?

ಪ್ರಶ್ನೆ: ಬಂದರಿನ ಬಾಯಲ್ಲಿ, ನೀರಿನೊಳಕ್ಕೆ ಚಾಚಿದ ಗೋಡೆಯ ತುದಿಗೆ ನಿಂತಿರುವ ದೀಪಸ್ತಂಭಗಳ ಚಿತ್ರಗಳನ್ನು ನೋಡಿದಾಗಲೆಲ್ಲ ಒಂದು ಸಂಶಯ ಮೂಡುತ್ತದೆ. ನಡುಗಡಲ ಬಂಡೆಗಳ ಮೇಲಿನ ದೀಪಸ್ತಂಭಗಳು ಎತ್ತರವಾಗಿ, ಗಟ್ಟಿ ಕಲ್ಲಿನಿಂದ ಕಟ್ಟಿದವಾಗಿರುತ್ತವೆ. ಇವು ಗಿಡ್ಡ, ಹಲವು ಕಡೆ ಕಬ್ಬಿಣದವು, ಬಣ್ಣ ಕೆಂಪು ಇಲ್ಲವೇ ಹಸಿರು. ಕೆಲವಕ್ಕೆ ಗೋಡೆಯ ಉದ್ದಕ್ಕೂ ಕಂಬಗಳ ಮೇಲೆ ಕಾಲುಸೇತುವೆಯೂ ಇದೆ. ಇದು ಖರ್ಚು ಉಳಿಸಲು ಮಾಡಿದ ಚಿಕ್ಕ ಮಾದರಿಯೇ, ಅಥವಾ ಈ ರೂಪಕ್ಕೆ ಅದರದೇ ಇತಿಹಾಸವಿದೆಯೇ?

ಉತ್ತರ:

ಖರ್ಚಿನ ಮಾತು ಪೂರ್ತಿ ಸುಳ್ಳಲ್ಲ, ಆದರೆ ಅದು ಮುಖ್ಯ ಕಾರಣವಲ್ಲ. ಬಂಡೆಯ ಮೇಲಿನ ದೀಪಕ್ಕೂ ಬಂದರಿನ ಬಾಯಿಯ ದೀಪಕ್ಕೂ ವಹಿಸಿದ ಕೆಲಸವೇ ಬೇರೆ. ನೀವು ಗಮನಿಸಿದ ಗಿಡ್ಡತನ, ಕಬ್ಬಿಣ, ಬಣ್ಣ, ಕಾಲುಸೇತುವೆ ಎಲ್ಲವೂ ಆ ಕೆಲಸದಿಂದ ಮತ್ತು ಆ ಕೆಲಸಕ್ಕೆ ಒದಗಿದ ಜಾಗದ ಸ್ವಭಾವದಿಂದ ಹುಟ್ಟಿದವು. ದೂರದಿಂದ ಬರುವ ಹಡಗಿಗೆ ಮೊದಲು ತಿಳಿಯಬೇಕಾದದ್ದು ತಾನು ಯಾವ ಕರಾವಳಿಯ ಎದುರಿಗಿದ್ದೇನೆ ಎಂಬುದು. ಅದನ್ನು ಇಪ್ಪತ್ತು ನಾವಿಕ ಮೈಲಿಗಳಾಚೆಗೂ ಕಾಣುವ ಎತ್ತರದ, ಪ್ರಖರವಾದ ದೀಪ ತಿಳಿಸುತ್ತದೆ. ಬಂದರಿನ ದೀಪದ ಸರದಿ ಬರುವುದು ಅದಾದ ಮೇಲೆ. ಆ ಹೊತ್ತಿಗೆ ನಾವಿಕನಿಗೆ ಊರು ಯಾವುದೆಂದು ಗೊತ್ತಾಗಿರುತ್ತದೆ. ಗೊತ್ತಾಗದೆ ಉಳಿದಿರುವುದು ಆ ಕತ್ತಲೆಯ ಗೋಡೆಯಲ್ಲಿ ತೆರಪು ಎಲ್ಲಿದೆ, ದೀಪವನ್ನು ಯಾವ ಮಗ್ಗುಲಿಗೆ ಬಿಟ್ಟು ಒಳಗೆ ಹೋಗಬೇಕು, ಒಳಗೆ ಹೋಗುವಷ್ಟು ನೀರು ಈಗ ಇದೆಯೇ ಎಂಬ ಮೂರು ಸಂಗತಿಗಳು. ಬಂದರಿನ ದೀಪ ಉತ್ತರಿಸಬೇಕಾದದ್ದು ಇವಕ್ಕೆ.

ಮೊದಲು ಎತ್ತರದ ಲೆಕ್ಕವನ್ನು ನೋಡೋಣ. ಭೂಮಿಯ ದುಂಡಗಿನಿಂದಾಗಿ ದೀಪ ಎಷ್ಟು ದೂರ ಕಾಣುತ್ತದೆ ಎಂಬುದು ಎತ್ತರದ ವರ್ಗಮೂಲವನ್ನು ಅವಲಂಬಿಸಿದೆ. ನೀರಿನ ಮಟ್ಟದಿಂದ ದೀಪದ ಎತ್ತರ ಮತ್ತು ನೋಡುವವನ ಕಣ್ಣಿನ ಎತ್ತರ, ಈ ಎರಡರ ವರ್ಗಮೂಲಗಳನ್ನು ಮೀಟರಿನಲ್ಲಿ ತೆಗೆದು ಕೂಡಿಸಿ, ಸುಮಾರು 2.08ರಿಂದ ಗುಣಿಸಿದರೆ ಬರುವುದು ನಾವಿಕ ಮೈಲಿಗಳಲ್ಲಿ ಕಾಣುವ ದೂರ. ಕಣ್ಣು ನೀರಿನಿಂದ 4 ಮೀಟರ್ ಮೇಲಿದ್ದು, ದೀಪ 16 ಮೀಟರ್ ಎತ್ತರದಲ್ಲಿದ್ದರೆ ಅದು ಹನ್ನೆರಡೂವರೆ ಮೈಲಿಯಿಂದ ಕಾಣುತ್ತದೆ. ಅದೇ ದೀಪವನ್ನು 64 ಮೀಟರಿಗೆ, ಅಂದರೆ ನಾಲ್ಕು ಪಟ್ಟು ಎತ್ತರಕ್ಕೆ ಏರಿಸಿದರೂ ಸಿಗುವುದು ಇಪ್ಪತ್ತೊಂದು ಮೈಲಿಯಷ್ಟೇ. ಬಂದರಿನೊಳಕ್ಕೆ ತಿರುಗಲು ಐದಾರು ಮೈಲಿಯ ಮುನ್ಸೂಚನೆ ಸಾಕಾಗುವ ಹಡಗಿಗೆ ಈ ಹೆಚ್ಚುವರಿ ದೂರದಿಂದ ಏನೂ ಲಾಭವಿಲ್ಲ. ಅದಲ್ಲದೆ ತೀರ ಎತ್ತರದ ದೀಪ ಹತ್ತಿರದಲ್ಲಿ ಅನಾನುಕೂಲವೂ ಹೌದು: ಕೆಳಗಿರುವ ಗೋಡೆಯ ತುದಿಗೂ ಮೇಲಿನ ಬೆಳಕಿಗೂ ಇರುವ ಸಂಬಂಧ ಕಣ್ಣಿಗೆ ಸಿಗುವುದಿಲ್ಲ, ಕೆಳಗೆ ಕವಿದ ಮಂಜಿನ ಆಚೆ ಅಥವಾ ತಗ್ಗಿಗೆ ಇಳಿದ ಮೋಡದೊಳಗೆ ದೀಪವೇ ಮರೆಯಾಗಬಹುದು.

ಗೋಡೆಯ ತುದಿಗೆ ದೀಪ ಇಡುವ ಪದ್ಧತಿ ಬಹಳ ಹಳೆಯದು. ಅಲೆಕ್ಸಾಂಡ್ರಿಯಾದ ಫಾರೋಸ್ ದೀಪಗೋಪುರವನ್ನು ಎಲ್ಲರೂ ನೆನೆಯುತ್ತಾರೆ; ಆದರೆ ಅದು ದ್ವೀಪವೊಂದರ ನೆಲದ ಮೇಲೆ ನಿಂತ, ನೂರು ಮೀಟರಿಗೂ ಮಿಕ್ಕ ಕಟ್ಟಡ. ನಿಮ್ಮ ಪ್ರಶ್ನೆಗೆ ಹೆಚ್ಚು ಹತ್ತಿರವಾದ ಪೂರ್ವಜವೆಂದರೆ, ರೋಮ್ ನಗರಕ್ಕೆಂದು ಟೈಬರ್ ನದಿಯ ಅಳಿವೆಯ ಬಳಿ ಚಕ್ರವರ್ತಿ ಕ್ಲಾಡಿಯಸ್ ಕ್ರಿ.ಶ. 42ರಲ್ಲಿ ಕಟ್ಟಿಸಲು ಆರಂಭಿಸಿದ ಬಂದರಿನ ದೀಪ. ಅವನಿಗಿಂತ ಹಿಂದಿನ ಚಕ್ರವರ್ತಿ ಕ್ಯಾಲಿಗುಲ ಈಜಿಪ್ಟಿನಿಂದ ಏಕಶಿಲಾ ಸ್ತಂಭವೊಂದನ್ನು ತರಿಸಲು ಬಳಸಿದ್ದ ಭಾರಿ ಹಡಗು ಕೆಲಸವಿಲ್ಲದೆ ನಿಂತಿತ್ತು. ಅದನ್ನು ಬಂದರಿನ ಬಾಯಿಗೆ ಎಳೆದುತಂದು, ಹೊಟ್ಟೆಯೊಳಗೆ ಜ್ವಾಲಾಮುಖಿ ಬೂದಿ ಬೆರೆಸಿದ ಕಾಂಕ್ರೀಟು ತುಂಬಿ, ನಿಂತಲ್ಲೇ ಮುಳುಗಿಸಿ, ಅದರ ಮೇಲೆ ದೀಪಗೋಪುರವನ್ನು ಎಬ್ಬಿಸಲಾಯಿತು. ಆ ಬೂದಿ ಬೆರೆತ ಕಾಂಕ್ರೀಟು ನೀರಿನಡಿಯಲ್ಲೂ ಗಟ್ಟಿಯಾಗುತ್ತದೆ ಎಂಬ ಅರಿವು ರೋಮನ್ನರಿಗೆ ಇತ್ತು. ಖಾಲಿ ಪೆಟ್ಟಿಗೆಯಂಥ ರಚನೆಯೊಂದನ್ನು ತೇಲಿಸಿ ತಂದು, ಬೇಕಾದ ಕಡೆ ಮುಳುಗಿಸಿ, ಒಳಗೆ ಭಾರ ತುಂಬಿ ತಳಹದಿ ಮಾಡುವ ಇಂದಿನ ಕೈಸಾನ್ ವಿಧಾನದ ತತ್ವವೂ ಇದೇ. ಎರಡು ಸಾವಿರ ವರ್ಷಗಳಲ್ಲಿ ಪೆಟ್ಟಿಗೆಯ ವಸ್ತು ಬದಲಾಗಿದೆ, ಉಪಾಯ ಬದಲಾಗಿಲ್ಲ.

ಮಧ್ಯಯುಗದ ಬಹುಪಾಲು ಬಂದರುಗಳಲ್ಲಿ ಕಂಬಕ್ಕೆ ನೇತುಹಾಕಿದ ಲಾಟೀನು ಅಥವಾ ಬೆಂಕಿಯ ಬುಟ್ಟಿಯಷ್ಟೇ ಇದ್ದದ್ದರಿಂದ ಆ ಕಾಲವನ್ನು ದಾಟಿ ಮುಂದೆ ಹೋಗುತ್ತೇನೆ. ವಿನ್ಯಾಸದ ನಿಜವಾದ ಕಥೆ ಆರಂಭವಾಗುವುದು 18 ಮತ್ತು 19ನೇ ಶತಮಾನಗಳಲ್ಲಿ, ಹಡಗುಗಳ ಸಂಖ್ಯೆಯೂ ಗಾತ್ರವೂ ಬೆಳೆದು, ನೈಸರ್ಗಿಕ ಆಸರೆಯಿಲ್ಲದ ಕರಾವಳಿಗಳಲ್ಲೂ ಗೋಡೆ ಕಟ್ಟಿ ಬಂದರು ಮಾಡಬೇಕಾಗಿ ಬಂದಾಗ.

ಇಲ್ಲಿ ಜಾಗದ ಸ್ವಭಾವವನ್ನು ವಿವರಿಸಬೇಕು. 1759ರಲ್ಲಿ ಜಾನ್ ಸ್ಮೀಟನ್ ಇಂಗ್ಲೆಂಡಿನ ಎಡಿಸ್ಟೋನ್ ಬಂಡೆಯ ಮೇಲೆ ದೀಪಸ್ತಂಭ ಕಟ್ಟಿ ಮುಗಿಸಿದಾಗ, ತಳದ ಕಲ್ಲುಗಳನ್ನು ಬಂಡೆಯಲ್ಲೇ ಕೊರೆದ ಕಚ್ಚುಗಳಿಗೆ ಕೂರಿಸಿ, ಒಂದಕ್ಕೊಂದು ಬೆಸೆದು, ಗೋಪುರವನ್ನು ಬಂಡೆಯ ಮುಂದುವರಿಕೆಯನ್ನಾಗಿಯೇ ಮಾಡಿದರು. ಬಂದರಿನ ಗೋಡೆಯ ತುದಿಗೆ ಅಂಥ ಭಾಗ್ಯವಿಲ್ಲ. ಗೋಡೆಯ ಅಡಿಯಲ್ಲಿರುವುದು ಬಹಳಷ್ಟು ಕಡೆ ಮರಳು ಅಥವಾ ಕೆಸರು. ಅದರ ಮೇಲೆ ಸುರಿದ ಕಲ್ಲುರಾಶಿ. ಅದರ ಮೇಲೆ ಗೋಡೆ. ಈ ರಾಶಿ ವರ್ಷಗಳವರೆಗೆ ತನ್ನ ಭಾರಕ್ಕೆ ತಾನೇ ಕುಸಿಯುತ್ತ ಕೂರುತ್ತದೆ, ಹಾಗೆ ಕೂರುವಾಗ ಎಲ್ಲ ಕಡೆ ಒಂದೇ ಸಮನಾಗಿ ಕೂರುವುದಿಲ್ಲ. ಅದರಲ್ಲೂ ತುದಿಯ ಭಾಗ ಇಡೀ ಗೋಡೆಯಲ್ಲೇ ದುರ್ಬಲವಾದದ್ದು. ಗೋಡೆಯ ನಡುಭಾಗಕ್ಕೆ ಅಲೆ ಒಂದು ಮಗ್ಗುಲಿನಿಂದ ಬಡಿಯುತ್ತದೆ. ತುದಿಯಲ್ಲಾದರೋ ಅಲೆ ಸುತ್ತಿಕೊಂಡು ಬರುತ್ತದೆ, ಕಲ್ಲುಗಳನ್ನು ಹಿಂದಿನಿಂದಲೂ ಎಳೆಯುತ್ತದೆ, ದುಂಡಗಿನ ಇಳಿಜಾರಿನಲ್ಲಿ ಕಲ್ಲಿಗೆ ಅಕ್ಕಪಕ್ಕದ ಕಲ್ಲಿನ ಆಸರೆಯೂ ಕಡಿಮೆ. ಆದ್ದರಿಂದಲೇ ಇಂದಿಗೂ ಎಂಜಿನಿಯರುಗಳು ತುದಿಯ ರಕ್ಷಣಾ ಕಲ್ಲುಗಳನ್ನು ನಡುಭಾಗದವಕ್ಕಿಂತ ಭಾರವಾದವನ್ನು ಆರಿಸುತ್ತಾರೆ. ದೀಪವನ್ನು ಇಡಬೇಕಾದದ್ದು ಸರಿಯಾಗಿ ಅಲ್ಲಿಯೇ, ಏಕೆಂದರೆ ನಾವಿಕನಿಗೆ ಬೇಕಾದದ್ದು ಗೋಡೆ ಎಲ್ಲಿ ಮುಗಿಯುತ್ತದೆ ಎಂಬ ಮಾಹಿತಿ. ಗೋಪುರವನ್ನು ಹಗುರವಾಗಿ ಇಡಬೇಕೆಂಬ ಒತ್ತಡ ಬಂದದ್ದು ಇದರಿಂದ.

ಅಲೆಯ ಬಲ ಎಷ್ಟಿರಬಹುದು ಎಂಬುದನ್ನು ಮೊದಲು ಅಳೆಯಲು ಹೊರಟವರಲ್ಲಿ ಸ್ಕಾಟ್ಲೆಂಡಿನ ಥಾಮಸ್ ಸ್ಟೀವನ್‌ಸನ್ ಪ್ರಮುಖರು. ಸ್ಪ್ರಿಂಗಿಗೆ ಜೋಡಿಸಿದ ತಟ್ಟೆಯೊಂದರ ಮೇಲೆ ಅಲೆ ಅಪ್ಪಳಿಸಿದಾಗ ಸ್ಪ್ರಿಂಗು ಎಷ್ಟು ಕುಗ್ಗುತ್ತದೆ ಎಂದು ದಾಖಲಿಸುವ ಉಪಕರಣವನ್ನು 1840ರ ದಶಕದಲ್ಲಿ ರೂಪಿಸಿ, ಸ್ಕೆರ್ರಿವೋರ್ ಬಂಡೆಯ ಬಳಿ ಚದರ ಅಡಿಗೆ 6,083 ಪೌಂಡ್ ಒತ್ತಡವನ್ನು ಅವರು ಅಳೆದರು. ಚದರ ಮೀಟರಿಗೆ ಅದು ಸುಮಾರು 30 ಟನ್ ಆಗುತ್ತದೆ. ಇಷ್ಟೆಲ್ಲ ತಿಳಿದಿದ್ದ ಅದೇ ಸ್ಟೀವನ್‌ಸನ್ ಕುಟುಂಬ ವಿನ್ಯಾಸಗೊಳಿಸಿದ ವಿಕ್ ಬಂದರಿನ ಅಲೆತಡೆ ಗೋಡೆಯ ಗತಿ ಏನಾಯಿತು ನೋಡಿ. ಅದರ ತುದಿಯನ್ನು ಕಾಪಾಡಲು ಮೇಲೆ ಭಾರಿ ಕಾಂಕ್ರೀಟು ಗಟ್ಟಿಯೊಂದನ್ನು ಎರಕ ಹೊಯ್ದು, ಕಬ್ಬಿಣದ ಸಲಾಕೆಗಳಿಂದ ಕೆಳಗಿನ ಕಲ್ಲುಗಳಿಗೆ ಬಿಗಿದಿದ್ದರು. 1872ರ ಡಿಸೆಂಬರಿನ ಬಿರುಗಾಳಿಯಲ್ಲಿ ಆ ಗಟ್ಟಿ, ತನಗೆ ಬಿಗಿದಿದ್ದ ಕಲ್ಲುಗಳ ಸಮೇತ, ಒಟ್ಟು 1,350 ಟನ್ ಭಾರ, ಒಂದೇ ತುಂಡಾಗಿ ಬಂದರಿನ ಒಳಮಗ್ಗುಲಿಗೆ ಜಾರಿ ಬಿತ್ತು. ಸಲಾಕೆಗಳು ಕಡಿಯಲಿಲ್ಲ, ಅವು ಹಿಡಿದುಕೊಂಡಿದ್ದ ಪದರವೇ ಕೆಳಗಿನ ಪದರದ ಮೇಲಿನಿಂದ ಸರಿದುಹೋಯಿತು. ಅದರ ಜಾಗದಲ್ಲಿ 2,600 ಟನ್ನಿನ ಇನ್ನೊಂದನ್ನು ಕೂರಿಸಿದರು. 1877ರಲ್ಲಿ ಅದೂ ಹೋಯಿತು. ಭಾರವಾಗಿದ್ದರೆ ನಿಲ್ಲುತ್ತದೆ ಎಂಬ ಸರಳ ನಂಬಿಕೆ ಗೋಡೆಯ ತುದಿಯಲ್ಲಿ ನಡೆಯುವುದಿಲ್ಲ ಎಂದು ವಿದ್ಯಾರ್ಥಿಗಳಿಗೆ ಹೇಳಬೇಕಾದಾಗ ನಾನು ಮೊದಲು ಎತ್ತಿಕೊಳ್ಳುವ ಉದಾಹರಣೆ ಇದೇ. ಗೋಡೆಯ ನಕ್ಷೆಯೂ ಅಷ್ಟೇ ಮುಖ್ಯ. ಇಂಗ್ಲೆಂಡಿನ ಟೈನ್ ನದಿಯ ಬಾಯಲ್ಲಿ 1854ರಲ್ಲಿ ಆರಂಭಿಸಿದ ಉತ್ತರದ ಗೋಡೆ ಬಾಗಿದ ಆಕಾರದ್ದಾಗಿತ್ತು. 1897ರಲ್ಲಿ ಅಲೆಗಳು ಅದನ್ನು ಒಡೆದವು. ಮರಳಿ ಕಟ್ಟುವಾಗ ಬಾಗನ್ನು ಬಿಟ್ಟು ನೇರ ಗೆರೆಯಲ್ಲಿ ಕಟ್ಟಿ 1909ರಲ್ಲಿ ಮುಗಿಸಿದರು.

ಸಾಂದರ್ಭಿಕವಾಗಿ ಒಂದು ಮಾತು. ಬಿರುಗಾಳಿಯ ದಿನ ದೀಪಸ್ತಂಭದ ಎರಡು ಮೂರು ಪಟ್ಟು ಎತ್ತರಕ್ಕೆ ನೀರು ಚಿಮ್ಮುವ ಚಿತ್ರಗಳು ನೋಡಲು ಭಯಂಕರವಾಗಿರುತ್ತವೆ, ಆದರೆ ಹಾಗೆ ಮೇಲೇರುವುದು ಬಹುಪಾಲು ಗಾಳಿ ಬೆರೆತ ತುಂತುರು. ಗೋಪುರಕ್ಕೆ ನಿಜವಾದ ಅಪಾಯವಿರುವುದು ಬುಡದ ಮೇಲೆ ಹರಿದುಬರುವ ಗಟ್ಟಿ ನೀರಿನಿಂದ ಮತ್ತು ತಳದ ಮರಳನ್ನು ಸದ್ದಿಲ್ಲದೆ ಕೊರೆಯುವ ಪ್ರವಾಹದಿಂದ.

ಇನ್ನು ಕಬ್ಬಿಣದ ಗೋಪುರಗಳ ಕಥೆಗೆ ಬರೋಣ. ನಿಮ್ಮ ಪ್ರಶ್ನೆಯಲ್ಲಿರುವ ವರ್ಣನೆ ಅಮೆರಿಕದ ಮಹಾ ಸರೋವರಗಳ, ಅದರಲ್ಲೂ ಮಿಷಿಗನ್ ಸರೋವರದ ದೀಪಸ್ತಂಭಗಳಿಗೆ ಚೆನ್ನಾಗಿ ಹೊಂದುತ್ತದೆ. ಅಲ್ಲಿ ನದಿಗಳು ಸರೋವರ ಸೇರುವ ಅಳಿವೆಗಳೇ ಬಂದರುಗಳು. ದಡದ ಉದ್ದಕ್ಕೂ ಅಲೆಗಳು ಸಾಗಿಸುವ ಮರಳು ಅಳಿವೆಯ ಅಡ್ಡಕ್ಕೆ ದಿಬ್ಬ ಕಟ್ಟುತ್ತಿತ್ತು. ಅದನ್ನು ತಡೆಯಲು ನದಿಯ ಎರಡೂ ಮಗ್ಗುಲಿಗೆ ಜೋಡಿ ಗೋಡೆಗಳನ್ನು ಸರೋವರದೊಳಕ್ಕೆ ಚಾಚಿದರು; ನಡುವೆ ಇಕ್ಕಟ್ಟಾದ ನದಿಯ ನೀರು ರಭಸದಿಂದ ಹರಿದು ಮರಳನ್ನು ತಾನೇ ಹೊರಗೆ ತಳ್ಳಲಿ ಎಂಬುದು ಲೆಕ್ಕಾಚಾರ. ಕೆಲವು ವರ್ಷಗಳಲ್ಲಿ ಗೋಡೆಯ ಪಕ್ಕದಲ್ಲೇ ಮರಳು ತುಂಬಿ ದಡ ಮುಂದಕ್ಕೆ ಬರುತ್ತಿತ್ತು, ತುದಿಯಾಚೆಗೆ ಹೊಸ ದಿಬ್ಬ ಏಳುತ್ತಿತ್ತು, ಗೋಡೆಯನ್ನು ಮತ್ತೆ ಉದ್ದ ಮಾಡಬೇಕಾಗುತ್ತಿತ್ತು. ಪ್ರತಿ ಸಲ ಉದ್ದ ಮಾಡಿದಾಗಲೂ ತುದಿ ಬದಲಾಗುತ್ತದೆ, ತುದಿಯ ಜೊತೆ ದೀಪವೂ ಹೋಗಬೇಕಾಗುತ್ತದೆ. ಕಿತ್ತು ಸಾಗಿಸಲು ಬಾರದ ಕಲ್ಲಿನ ಗೋಪುರವನ್ನು ಇಂಥ ಕಡೆ ಕಟ್ಟುವುದು ಅವಿವೇಕ. ನನ್ನ ದೃಷ್ಟಿಯಲ್ಲಿ ಈ ಬಗೆಯ ದೀಪಸ್ತಂಭದ ರೂಪವನ್ನು ಬೇರೆಲ್ಲ ಕಾರಣಗಳಿಗಿಂತ ಹೆಚ್ಚಾಗಿ ನಿರ್ಧರಿಸಿದ್ದು ಈ ಒಂದು ಸಂಗತಿ: ಅದು ನಿಂತ ಜಾಗ ಕಾಯಂ ಆಗಿರಲಿಲ್ಲ.

ಆ ಗೋಡೆಗಳ ರಚನೆಯೂ ಗಮನಿಸತಕ್ಕದ್ದು. ದಪ್ಪ ಮರದ ತೊಲೆಗಳನ್ನು ಅಡ್ಡಡ್ಡ ಜೋಡಿಸಿ ದೊಡ್ಡ ಪೆಟ್ಟಿಗೆಗಳನ್ನು ಮಾಡಿ, ಮುಳುಗಿಸಿ, ಕಲ್ಲು ತುಂಬುತ್ತಿದ್ದರು. ಉಪ್ಪು ನೀರಿನಲ್ಲಾಗಿದ್ದರೆ ಮರ ಕೊರೆಯುವ ಹಡಗುಹುಳುಗಳು ಆ ತೊಲೆಗಳನ್ನು ಕೆಲವೇ ವರ್ಷಗಳಲ್ಲಿ ಟೊಳ್ಳು ಮಾಡಿಬಿಡುತ್ತಿದ್ದವು. ಸಿಹಿನೀರಿನಲ್ಲಿ ಆ ಹುಳುಗಳಿಲ್ಲ, ಸದಾ ಮುಳುಗಿರುವ ಮರ ಬಹುಕಾಲ ಬಾಳುತ್ತದೆ. ಕೊಳೆಯುವುದು ನೀರಿನ ಮಟ್ಟದ ಸುತ್ತಮುತ್ತ, ಒದ್ದೆ ಮತ್ತು ಗಾಳಿ ಎರಡೂ ತಾಗುವ ಕಡೆ. ಹಾಗಾಗಿ 20ನೇ ಶತಮಾನದ ಆರಂಭದಲ್ಲಿ ಮೇಲಿನ ಭಾಗವನ್ನು ತೆಗೆದು ಕಾಂಕ್ರೀಟಿನ ಹೊದಿಕೆ ಹಾಕಿದರು. ದೀಪದ ಗೋಪುರಗಳೂ ಮೊದಲು ಮರದವೇ ಆಗಿದ್ದವು: ಮೇಲಕ್ಕೆ ಹೋದಂತೆ ಕಿರಿದಾಗುವ ಚೌಕಾಕಾರದ ಚೌಕಟ್ಟು, ಮೇಲಿನ ಅರ್ಧಕ್ಕೆ ಮಾತ್ರ ಹಲಗೆ, ಕೆಳಗಿನ ಅರ್ಧ ಬರಿಯ ಕಾಲುಗಳು, ಅಲೆ ಆ ಕಾಲುಗಳ ನಡುವೆ ಹಾದುಹೋಗಲೆಂದು. ಸೌತ್ ಹೇವನ್ ಊರಿನ 1872ರ ಮರದ ದೀಪಸ್ತಂಭದ ಜಾಗಕ್ಕೆ 1903ರಲ್ಲಿ ಬಂದ ದುಂಡಗಿನ ಲೋಹದ ಗೋಪುರ ಇಂದಿಗೂ ಕೆಂಪು ಬಣ್ಣ ಬಳಿದುಕೊಂಡು ನಿಂತಿದೆ.

ಲೋಹದ ಗೋಪುರದ ಕಲ್ಪನೆ ಅಮೆರಿಕದ್ದಲ್ಲ. ಬ್ರಿಟನ್ನಿನ ಸ್ವಾನ್ಸೀ ಬಂದರಿನ ಗೋಡೆಯ ಮೇಲೆ 1803ರಷ್ಟು ಹಿಂದೆಯೇ ಎರಕದ ಕಬ್ಬಿಣದ ದೀಪಸ್ತಂಭ ಬಂದಿತ್ತು. ಬಾಗಿದ ಫಲಕಗಳನ್ನು ಕಾರ್ಖಾನೆಯಲ್ಲಿ ಎರಕ ಹೊಯ್ದು, ಅಂಚುಗಳನ್ನು ಒಳಮುಖವಾಗಿ ಮಡಿಸಿ, ಆ ಅಂಚುಗಳಲ್ಲಿ ಬೋಲ್ಟು ಬಿಗಿಯುತ್ತಾರೆ. ಬೋಲ್ಟು ಒಳಗಿರುವುದರಿಂದ ಉಪ್ಪು ನೀರಿಗೆ ಅದು ಸಿಗುವುದಿಲ್ಲ, ಬಿಚ್ಚುವುದೂ ಸುಲಭ. ಎರಕದ ಕಬ್ಬಿಣ ತುಕ್ಕನ್ನು ಸಾಮಾನ್ಯ ಉಕ್ಕಿಗಿಂತ ಚೆನ್ನಾಗಿ ತಡೆಯುತ್ತದೆ. ದುಂಡಗಿನ ಅಥವಾ ಎಂಟು ಮೂಲೆಯ ಆಕಾರ ಇಟ್ಟರೆ ಗಾಳಿ ಮತ್ತು ನೀರು ಮಗ್ಗುಲಲ್ಲಿ ಜಾರಿಹೋಗುತ್ತವೆ. ಬಾಗಿಲು ದಡದ ಕಡೆಗೆ, ಕಿಟಕಿ ಚಿಕ್ಕದಾಗಿ ಮೇಲ್ಗಡೆಗೆ. ಇಂಥ ಗೋಪುರದಲ್ಲಿ ಯಾರೂ ವಾಸಿಸುತ್ತಿರಲಿಲ್ಲ. ಎಣ್ಣೆ, ಬತ್ತಿ, ಹತ್ತಿಪ್ಪತ್ತು ಮೆಟ್ಟಿಲು, ದೀಪದ ಕೋಣೆ, ಇಷ್ಟಕ್ಕೆ ಜಾಗ ಸಾಕಿತ್ತು.

ವಾಸ ದಡದಲ್ಲಿ, ದೀಪ ತುದಿಯಲ್ಲಿ. ಕಾಲುಸೇತುವೆ ಹುಟ್ಟಿದ್ದು ಈ ಅಂತರದಿಂದ. ದೀಪ ಅತ್ಯಂತ ಅಗತ್ಯವಾಗುವ ರಾತ್ರಿಯೇ ಗೋಡೆಯ ಮೇಲೆ ಅಲೆ ಹರಿಯುವ ರಾತ್ರಿ. ಚಳಿಗಾಲದಲ್ಲಾದರೆ ಆ ನೀರು ಬಿದ್ದಲ್ಲೇ ಹೆಪ್ಪುಗಟ್ಟುತ್ತದೆ. ಆದ್ದರಿಂದ ಗೋಡೆಗಿಂತ ಸಾಕಷ್ಟು ಮೇಲೆ, ಮೊದಲು ಮರದ, ಆಮೇಲೆ ಕಬ್ಬಿಣದ ಕಂಬಗಳ ಮೇಲೆ, ಇಬ್ಬದಿಗೂ ಕೈಹಿಡಿ ಇರುವ ಇಕ್ಕಟ್ಟಾದ ಹಾದಿಯನ್ನು ಹಾಕಿದರು. ಮಿಷಿಗನ್ ಸಿಟಿ ಎಂಬ ಊರಿನಲ್ಲಿ ಹ್ಯಾರಿಯೆಟ್ ಕೋಲ್‌ಫ್ಯಾಕ್ಸ್ ಎಂಬ ಮಹಿಳೆ 1861ರಿಂದ 1904ರವರೆಗೆ ದೀಪಪಾಲಕಿಯಾಗಿದ್ದರು. ದಡದ ಮನೆಯ ಮೇಲಿನ ದೀಪದ ಜೊತೆಗೆ ಗೋಡೆಯ ತುದಿಯ ದೀಪವೂ ಅವರ ಪಾಲಿಗೆ ಬಂದಿತ್ತು. ಆ ಕಾಲದಲ್ಲಿ ಉರಿಸುತ್ತಿದ್ದದ್ದು ಹಂದಿಯ ಕೊಬ್ಬಿನಿಂದ ತೆಗೆದ ಎಣ್ಣೆ. ಚಳಿಗೆ ಅದು ಗಟ್ಟಿಯಾಗುತ್ತದೆ, ಬತ್ತಿಗೆ ಏರುವುದಿಲ್ಲ. ಮನೆಯ ಒಲೆಯ ಮೇಲೆ ಕಾಯಿಸಿ, ಬಿಸಿ ಆರುವ ಮೊದಲು ಗಾಳಿಗೆದುರಾಗಿ ಆ ಹಾದಿಯನ್ನು ದಾಟಿ ತುದಿ ಮುಟ್ಟಬೇಕು. ಹೋಗುವಷ್ಟರಲ್ಲಿ ಮತ್ತೆ ಗಟ್ಟಿಯಾದರೆ ಮರಳಿ ಬಂದು ಮತ್ತೆ ಕಾಯಿಸಬೇಕು. ಮುಂದೆ ಸೀಮೆಎಣ್ಣೆ ಬಂದ ಮೇಲೆ ಈ ಕಷ್ಟ ತಪ್ಪಿತು. ಅವರು ಎಂಬತ್ತರ ವಯಸ್ಸಿನಲ್ಲಿ ನಿವೃತ್ತರಾದ 1904ರಲ್ಲೇ ಗೋಡೆಯ ಮೇಲೆ ಹೊಸ ದೀಪಸ್ತಂಭ ಬಂತು, ಹಳೆಯ ಮನೆಯ ಮಸೂರವನ್ನು ಅಲ್ಲಿಗೆ ಸಾಗಿಸಿದರು.

ಇದೇ ಸಮಸ್ಯೆಗೆ ಇಂಗ್ಲೆಂಡಿನ ಸಂಡರ್‌ಲ್ಯಾಂಡ್ ಬಂದರಿನಲ್ಲಿ ಹೆನ್ರಿ ಹೇ ವೇಕ್ ಎಂಬ ಎಂಜಿನಿಯರು ನೀಡಿದ ಉತ್ತರ ನನಗೆ ಹೆಚ್ಚು ಇಷ್ಟ. 1885ರಲ್ಲಿ ಆರಂಭಿಸಿ 1903ರಲ್ಲಿ ಮುಗಿಸಿದ ರೋಕರ್ ಗೋಡೆಯ ಒಡಲಿನಲ್ಲೇ ಅವರು ಸುರಂಗವೊಂದನ್ನು ಬಿಟ್ಟರು. ಮೇಲೆ ಎಂಥ ಅಲೆ ಹಾಯುತ್ತಿದ್ದರೂ ದೀಪಪಾಲಕ ಒಳಗಿನಿಂದಲೇ ನಡೆದು ಗೋಪುರದ ಬುಡಕ್ಕೆ ತಲಪಬಹುದಿತ್ತು. ಅಲ್ಲಿನ ಗೋಪುರದ ಕೆಂಪು ಮತ್ತು ಬಿಳಿ ಪಟ್ಟಿಗಳೂ ಬಣ್ಣ ಬಳಿದವಲ್ಲ. ಎರಡು ಬಗೆಯ ಗ್ರಾನೈಟನ್ನು ಸಾಲುಸಾಲಾಗಿ ಕೂರಿಸಿ ಪಡೆದವು. ಗೋಡೆ ಇನ್ನು ಮುಂದಕ್ಕೆ ಬೆಳೆಯುವುದಿಲ್ಲ ಎಂಬ ಖಾತರಿ ಇದ್ದಾಗ ಮಾತ್ರ ಇಂಥ ಕಾಯಂ ಕಟ್ಟಡಕ್ಕೆ ಅರ್ಥವಿರುತ್ತದೆ.

ದೀಪದ ಒಳಗಿನ ವ್ಯವಸ್ಥೆಯಲ್ಲೂ ಇದೇ ಅಳತೆಗಾರಿಕೆ ಕಾಣುತ್ತದೆ. ಫ್ರಾನ್ಸಿನ ಆಗಸ್ಟಿನ್ ಫ್ರೆನೆಲ್ ಗಾಜಿನ ಪಟ್ಟಕಗಳ ಉಂಗುರಗಳನ್ನು ಜೋಡಿಸಿ ಮಾಡಿದ ಮಸೂರ 1823ರಲ್ಲಿ ಕೋರ್ದುವಾನ್ ದೀಪಸ್ತಂಭದಲ್ಲಿ ಮೊದಲು ಬೆಳಗಿತು. ಈ ಮಸೂರಗಳನ್ನು ಗಾತ್ರಕ್ಕನುಗುಣವಾಗಿ ದರ್ಜೆಗಳಾಗಿ ವಿಂಗಡಿಸಿದ್ದಾರೆ. ಮೊದಲ ದರ್ಜೆಯಲ್ಲಿ ಜ್ವಾಲೆಯಿಂದ ಗಾಜಿಗೆ ಇರುವ ದೂರ 920 ಮಿಲಿಮೀಟರ್. ಒಳಗೆ ಮನುಷ್ಯ ಆರಾಮವಾಗಿ ನಿಲ್ಲಬಹುದು. ಬಂದರಿನ ದೀಪಗಳಿಗೆ ಬಳಸಿದ್ದು ಹೆಚ್ಚಾಗಿ ನಾಲ್ಕು, ಐದು, ಆರನೆಯ ದರ್ಜೆಗಳವನ್ನು. ಅವುಗಳಲ್ಲಿ ಆ ದೂರ ಕ್ರಮವಾಗಿ 250, 187.5 ಮತ್ತು 150 ಮಿಲಿಮೀಟರ್. ಆರನೆಯ ದರ್ಜೆಯದನ್ನು ಒಬ್ಬರೇ ಎತ್ತಿ ಒಯ್ಯಬಹುದು. ಹಗುರವಾದ ಮಸೂರಕ್ಕೆ ಹಗುರವಾದ ಕೋಣೆ, ಅದಕ್ಕೆ ಹಗುರವಾದ ಗೋಪುರ, ಅದಕ್ಕೆ ದುರ್ಬಲವಾದರೂ ನಡೆಯುವ ತಳಹದಿ: ಸರಣಿ ಹೀಗೆ ಮೇಲಿನಿಂದಲೂ ಕೆಳಕ್ಕೆ ಇಳಿಯುತ್ತದೆ.

ಬಂದರಿನ ದೀಪದ ದೊಡ್ಡ ಶತ್ರು ಅಲೆಯಲ್ಲ, ಹಿಂದಿರುವ ಊರಿನ ಬೆಳಕು ಎಂದರೆ ಅತಿಶಯೋಕ್ತಿ ಆಗಲಾರದು. ಅನಿಲ ದೀಪಗಳು ಬೀದಿಗೆ ಬಂದ ಮೇಲೆ, ಕಡಲಿನಿಂದ ನೋಡುವವನಿಗೆ ಗೋಡೆಯ ತುದಿಯ ಬಿಳಿ ದೀಪವೂ ಬೀದಿಯ ದೀಪವೂ ಒಂದೇ ಆಗಿ ಕಾಣತೊಡಗಿದವು. ಬೆಳಕನ್ನು ಹೆಚ್ಚಿಸುವುದು ಇದಕ್ಕೆ ಪರಿಹಾರವಲ್ಲ. ಬೇರೆಯಾಗಿ ಕಾಣಿಸುವುದು ಪರಿಹಾರ. ಗಣಕಯಂತ್ರದ ಕಲ್ಪನೆಗೆ ಹೆಸರಾದ ಚಾರ್ಲ್ಸ್ ಬ್ಯಾಬೇಜ್ 1851ರಲ್ಲಿ ಸೂಚಿಸಿದ್ದು ಇದನ್ನೇ: ಪ್ರತಿ ದೀಪವನ್ನೂ ಅದಕ್ಕೆಂದೇ ಗೊತ್ತುಮಾಡಿದ ಲಯದಲ್ಲಿ ಮರೆಮಾಡಿ ತೆರೆದರೆ, ಆ ಲಯವೇ ಅದರ ಗುರುತಾಗುತ್ತದೆ. ಬಣ್ಣ ಇನ್ನೊಂದು ಉಪಾಯ. ಅದಕ್ಕೆ ಬೆಲೆ ತೆರಬೇಕಿತ್ತು, ಏಕೆಂದರೆ ಎಣ್ಣೆಯ ಜ್ವಾಲೆಯ ಮುಂದೆ ಕೆಂಪು ಅಥವಾ ಹಸಿರು ಗಾಜು ಇಟ್ಟರೆ ಬೆಳಕಿನ ಬಹುಪಾಲು ಗಾಜಿನಲ್ಲೇ ಉಳಿದುಬಿಡುತ್ತದೆ. ದೂರ ಕಾಣಬೇಕಾದ ದೀಪಕ್ಕೆ ಇದು ದುಬಾರಿ, ಹತ್ತಿರದಲ್ಲಿ ಕಂಡರೆ ಸಾಕಾದ ಬಂದರಿನ ದೀಪಕ್ಕೆ ಸಹ್ಯ. ಇನ್ನೊಂದು ತೊಡಕೂ ಇತ್ತು. ಬ್ರಿಟನ್ನಿನಲ್ಲಿ 1848ರಿಂದ ಹಬೆಹಡಗುಗಳು ಎಡಕ್ಕೆ ಕೆಂಪು, ಬಲಕ್ಕೆ ಹಸಿರು ದೀಪ ಹಾಕಿಕೊಳ್ಳಬೇಕೆಂಬ ನಿಯಮ ಬಂತು, ಮುಂದೆ ಅದು ಜಗತ್ತಿನ ಪದ್ಧತಿಯಾಯಿತು. ಕದಲದೆ ಉರಿಯುವ ಕೆಂಪು ದೀಪ ಗೋಡೆಯದೋ ಎದುರು ಬರುವ ಹಡಗಿನದೋ ಎಂಬ ಗೊಂದಲ ಬೇಡವೆಂದರೆ ಗೋಡೆಯ ದೀಪ ಮಿನುಗುವುದೇ ಒಳ್ಳೆಯದು.

ಯಾವ ಮಗ್ಗುಲಿಗೆ ಯಾವ ಬಣ್ಣ ಎಂಬ ವಿಷಯದಲ್ಲಿ ಜಗತ್ತು ಇಂದಿಗೂ ಎರಡು ಭಾಗವಾಗಿದೆ. 1980ರಲ್ಲಿ ಆದ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ, ಯುರೋಪ್, ಆಫ್ರಿಕ, ಆಸ್ಟ್ರೇಲಿಯ ಮತ್ತು ಏಷ್ಯದ ಬಹುಭಾಗ ಸೇರಿದ ‘ಎ’ ವಲಯದಲ್ಲಿ ಕಡಲಿನಿಂದ ಬಂದರಿನ ಒಳಕ್ಕೆ ಬರುವಾಗ ಕೆಂಪು ಎಡಕ್ಕೆ, ಹಸಿರು ಬಲಕ್ಕೆ ಇರುತ್ತದೆ. ಅಮೆರಿಕ ಖಂಡಗಳು, ಜಪಾನ್, ದಕ್ಷಿಣ ಕೊರಿಯ ಮತ್ತು ಫಿಲಿಪೀನ್ಸ್ ಸೇರಿದ ‘ಬಿ’ ವಲಯದಲ್ಲಿ ಇದು ತಿರುವುಮುರುವು. ನೀವು ನೋಡಿದ ಕೆಂಪು ದೀಪಸ್ತಂಭಗಳಲ್ಲಿ ಮಿಷಿಗನ್ ಸರೋವರದ ಹಾಲೆಂಡ್ ಬಂದರಿನದೂ ಇದ್ದಿರಬಹುದು. ಅದು ಬಹಳ ಪ್ರಸಿದ್ಧ. ಅದರ ಬಣ್ಣ ಮೂಲದ್ದಲ್ಲ. ಬಂದರಿನ ಬಾಯಿಯ ಬಲಮಗ್ಗುಲಿನ ಗುರುತು ಕೆಂಪಾಗಿರಬೇಕೆಂಬ ನಿಯಮಕ್ಕೆ ಹೊಂದಿಸಲು 1956ರಲ್ಲಿ ಅಲ್ಲಿನ ಕರಾವಳಿ ಕಾವಲು ಪಡೆ ಅದಕ್ಕೆ ಕೆಂಪು ಬಳಿಯಿತು. ಹಗಲಿನಲ್ಲಿ ಗೋಪುರದ ಮೈಬಣ್ಣವೂ ಸಂಕೇತವೇ.

ಮೂರನೆಯ ಪ್ರಶ್ನೆ, ಅಂದರೆ ನೀರು ಸಾಕಷ್ಟಿದೆಯೇ ಎಂಬುದು, ಉಬ್ಬರ ಇಳಿತದ ಅಂತರ ಹೆಚ್ಚಿರುವ ಕಡಲುಗಳಿಗೆ ಸಂಬಂಧಿಸಿದ್ದು. ಅಲ್ಲಿನ ಹಲವು ಬಂದರುಗಳಲ್ಲಿ ಗೋಡೆಯ ದೀಪವನ್ನು ರಾತ್ರಿಯಿಡೀ ಉರಿಸುತ್ತಲೇ ಇರಲಿಲ್ಲ. ಬಾಯಿಯ ಬಳಿ ನಿಗದಿತ ಆಳಕ್ಕೆ ನೀರು ಏರಿದಾಗ ಮಾತ್ರ ದೀಪ ಹಚ್ಚಿ, ಇಳಿದಾಗ ಆರಿಸುತ್ತಿದ್ದರು. ಹಗಲಿನಲ್ಲಾದರೆ ಕಂಬಕ್ಕೆ ಕರಿಯ ಗೋಳ ಅಥವಾ ಬಾವುಟ ಏರಿಸುತ್ತಿದ್ದರು. ದೀಪ ಕಾಣದಿದ್ದರೆ ಹೊರಗೇ ಕಾಯಬೇಕು ಎಂದು ಅರ್ಥ.

ಮಂಜು ಕವಿದಾಗ ಬೆಳಕು ಕೆಲಸಕ್ಕೆ ಬಾರದು. ಗಡಿಯಾರದಂತೆ ಭಾರ ಇಳಿಯುವ ಯಂತ್ರದಿಂದ ಬಾರಿಸುವ ಗಂಟೆ, ಆಮೇಲೆ ಹಬೆಯ ಸೀಟಿ ಮತ್ತು ಕಹಳೆಗಳು ಗೋಡೆಯ ತುದಿಗೆ ಬಂದದ್ದು ಅದಕ್ಕಾಗಿ. ಮಿಷಿಗನ್ ಸರೋವರದ ಗ್ರ್ಯಾಂಡ್ ಹೇವನ್‌ನಲ್ಲಿ ಈ ಎಲ್ಲ ಅಂಶಗಳು ಒಂದೇ ಗೋಡೆಯ ಮೇಲೆ ಸಿಗುತ್ತವೆ. ತುದಿಯಲ್ಲಿರುವುದು 1875ರ ಮರದ ಮಂಜು ಸಂಕೇತದ ಕಟ್ಟಡ. ಗೋಡೆ ಉದ್ದವಾದಾಗ ಅದನ್ನು ಮುಂದಕ್ಕೆ ಸಾಗಿಸಿ, ನಂತರ ಮೈಗೆ ಅಲೆಅಲೆಯಾದ ಕಬ್ಬಿಣದ ತಗಡು ಹೊದಿಸಿ, ಕೆಳಗೆ ಹಡಗಿನ ಮೂತಿಯಂತೆ ಚೂಪಾದ ಕಾಂಕ್ರೀಟಿನ ತಳಹದಿ ಕಟ್ಟಿದರು, ಬರುವ ಅಲೆ ಅಲ್ಲಿ ಸೀಳಿಹೋಗಲೆಂದು. ಅದರ ಹಿಂದೆ, ಅದೇ ಗೋಡೆಯ ಮೇಲೆ, 1905ರ 51 ಅಡಿ ಎತ್ತರದ ದುಂಡಗಿನ ಉಕ್ಕಿನ ಗೋಪುರ. ಎರಡರ ನಡುವೆ ಕಾಲುಸೇತುವೆ. ಹಿಂದಿನ ದೀಪ ಎತ್ತರಕ್ಕೂ ಮುಂದಿನದು ತಗ್ಗಿಗೂ ಇರುವುದರಿಂದ, ಎರಡೂ ಒಂದರ ಮೇಲೊಂದು ನೇರವಾಗಿ ಕಂಡರೆ ಹಡಗು ಗೋಡೆಯ ಗೆರೆಯಲ್ಲೇ ಬರುತ್ತಿದೆ ಎಂದು ತಿಳಿಯುತ್ತದೆ. ಮೇಲಿನದು ಎಡಕ್ಕೋ ಬಲಕ್ಕೋ ಸರಿದು ಕಂಡರೆ ಹಡಗೂ ಅದೇ ಕಡೆಗೆ ಗೆರೆ ಬಿಟ್ಟು ಸರಿದಿದೆ ಎಂದು ಅರ್ಥ.

ದೀಪಪಾಲಕರ ಅಗತ್ಯವನ್ನು ಕಡಿಮೆ ಮಾಡಿದ ಶೋಧಗಳಲ್ಲಿ ಸ್ವೀಡನ್ನಿನ ಗುಸ್ತಾಫ್ ದಾಲೆನ್ ಅವರದು ಗಮನಾರ್ಹ. ಅಸಿಟಿಲೀನ್ ಅನಿಲವನ್ನು ಸಣ್ಣ ಸಣ್ಣ ಕಂತುಗಳಲ್ಲಿ ಬಿಟ್ಟು ಮಿನುಗಿಸುವ ಸಾಧನಕ್ಕೆ ಅವರು 1907ರಲ್ಲಿ ಸೂರ್ಯಕವಾಟವನ್ನು ಜೋಡಿಸಿದರು. ಹಗಲಿನಲ್ಲಿ ಕಪ್ಪು ಬಳಿದ ಲೋಹದ ದಂಡ ಬೆಳಕನ್ನು ಹೀರಿ, ಪಕ್ಕದ ಹೊಳೆಯುವ ದಂಡಗಳಿಗಿಂತ ಹೆಚ್ಚು ಹಿಗ್ಗಿ ಅನಿಲವನ್ನು ಮುಚ್ಚುತ್ತದೆ. ಕತ್ತಲಾದಾಗ ಕುಗ್ಗಿ ತೆರೆಯುತ್ತದೆ. 1912ರ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿ ಅವರಿಗೆ ಬಂದದ್ದು ಈ ಬಗೆಯ ಸ್ವಯಂಚಾಲಿತ ಸಾಧನಗಳಿಗಾಗಿ. ಬಿರುಗಾಳಿಯ ರಾತ್ರಿ ಮನುಷ್ಯ ಗೋಡೆಯ ತುದಿಗೆ ಹೋಗಲೇಬೇಕೆಂಬ ನಿರ್ಬಂಧ ಹೋದ ಮೇಲೆ ಕಾಲುಸೇತುವೆಗೂ ಸುರಂಗಕ್ಕೂ ಇದ್ದ ಮೂಲ ಕಾರಣ ಹೋಯಿತು. ಇಂದು ಎಲ್‌ಇಡಿ ದೀಪ ಬೇಕಾದ ಬಣ್ಣದ ಬೆಳಕನ್ನೇ ಹುಟ್ಟಿಸುವುದರಿಂದ ಬಣ್ಣದ ಗಾಜಿನಲ್ಲಿ ಬೆಳಕು ಕಳೆದುಕೊಳ್ಳುವ ಹಳೆಯ ಲೆಕ್ಕವೂ ಇಲ್ಲ. ಒಂದು ಕಬ್ಬಿಣದ ಕಂಬ, ಒಂದು ಸೌರಫಲಕ ಸಾಕು.

ಹಾಗಿದ್ದರೂ ಹಳೆಯ ಗೋಪುರಗಳು ಉಳಿದಿವೆ, ಕೆಲವು ತುದಿಯಲ್ಲಿ ಇಲ್ಲದಿದ್ದರೂ ಉಳಿದಿವೆ. ಇಂಗ್ಲೆಂಡಿನ ವಿಟ್‌ಬಿ ಬಂದರಿನ ಪಶ್ಚಿಮದ ಗೋಡೆಯಲ್ಲಿ 1831ರಲ್ಲಿ ಗ್ರೀಕ್ ಡೋರಿಕ್ ಕಂಬದ ಆಕಾರದಲ್ಲಿ ಕಟ್ಟಿದ ಕಲ್ಲಿನ ದೀಪಸ್ತಂಭವಿದೆ, ಪೂರ್ವದ ಗೋಡೆಯಲ್ಲಿ 1855ರ ಇನ್ನೊಂದಿದೆ. 20ನೇ ಶತಮಾನದ ಆರಂಭದಲ್ಲಿ ಎರಡೂ ಗೋಡೆಗಳನ್ನು ಮುಂದಕ್ಕೆ ಚಾಚಿದಾಗ ಈ ಗೋಪುರಗಳನ್ನು ಸಾಗಿಸಲು ಬರಲಿಲ್ಲ. ಹೊಸ ತುದಿಗಳಿಗೆ ಒಂದು ಕೆಂಪು, ಒಂದು ಹಸಿರು ದೀಪದ ಸಾದಾ ಚೌಕಟ್ಟುಗಳನ್ನು ಹಾಕಿದರು. ಆದ್ದರಿಂದ ಮುಂದಿನ ಸಲ ಇಂಥ ಚಿತ್ರ ನೋಡುವಾಗ ದೀಪಸ್ತಂಭದ ಆಚೆಗೂ ಗೋಡೆ ಮುಂದುವರಿದಿದೆಯೇ ಎಂದು ಗಮನಿಸಿ. ಮುಂದುವರಿದಿದ್ದು, ಅದರ ತುದಿಗೆ ಹೆಸರಿಲ್ಲದ ಕಂಬವೊಂದು ನಿಂತಿದ್ದರೆ, ಬಂದರಿನ ಬಾಯನ್ನು ತೋರಿಸುವ ಕೆಲಸ ಮಾಡುತ್ತಿರುವುದು ಆ ಕಂಬ.